ಸಿಸ್ಟರ್ ಮನೆಯ ಗೀಸರ್

ಆ ಕಟ್ಟಡದಲ್ಲಿ ಎಲ್ಲರೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯದವಳು ಒಬ್ಬಳೇ, ಜೊತೆಗಿದ್ದ ಒಡಹುಟ್ಟಿದ ತಂಗಿ. ಅವಳಿಗೆ ಅವರು ಬರೀ ಅಕ್ಕ.

ದೊಡ್ಡ ಆಸ್ಪತ್ರೆಯೊಂದರಲ್ಲಿ ವಾರ್ಡಿನ ಹಿರಿಯ ನರ್ಸ್ ಆಗಿದ್ದು ನಿವೃತ್ತರಾದವರು ಸಿಸ್ಟರ್. ಔಷಧಿ ಬೀರುವಿನ ಕೀಲಿಯನ್ನು ಸೊಂಟದಲ್ಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದಿದ್ದರು. ಮಾತ್ರೆ ನುಂಗಿದೆ ಎನ್ನುವ ರೋಗಿಯ ನಾಲಿಗೆ ಎತ್ತಿಸಿ ನೋಡುವುದು, ಜ್ವರ ಬಿಟ್ಟಿದೆ ಎನ್ನುವವನ ಹಣೆಗೆ ಕೈಯ ಹಿಂಬದಿ ತಾಗಿಸಿ ನೋಡುವುದು, ನೋಡಲು ಬಂದವರ ಚೀಲದಲ್ಲಿ ಏನಿದೆ ಎಂದು ನೋಡುವುದು, ಇವೆಲ್ಲ ಅವರ ಕೆಲಸವೇ ಆಗಿದ್ದವು. ಕೆಲಸ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. "ಹಾಲು ಬೆಳ್ಳಗಿದೆ ಅಂದ್ರೂ ನಮ್ಮಕ್ಕ ಒಂದ್ಸಲ ಲೋಟ ತಿರುಗಿಸಿ ನೋಡ್ತಾಳೆ" ಎಂದು ತಂಗಿ ನಗುತ್ತಿದ್ದಳು. ತಂಗಿ ಶಿಶುವಿಹಾರದ ಟೀಚರ್. ಚಿಕ್ಕ ಮಕ್ಕಳ ಜೊತೆ ಇದ್ದೂ ಇದ್ದೂ ಯಾರು ಏನು ಹೇಳಿದರೂ ನಂಬುವ ಸ್ವಭಾವ ಅವಳದು.

ಇಬ್ಬರೂ ಎರಡನೇ ಮಹಡಿಯಲ್ಲಿ ಬಹಳ ಕಾಲದಿಂದ ನೆಮ್ಮದಿಯಾಗಿಯೇ ಇದ್ದರು. ನೆಮ್ಮದಿ ಕೆಡಿಸಿದ್ದು ಬಾತ್‌ರೂಮಿನ ಗೋಡೆಗೆ ನೇತುಬಿದ್ದಿದ್ದ ಗೀಸರ್.

ಸಿಸ್ಟರಿಗೆ ಸಂಜೆ ಬಿಸಿನೀರು ಬೇಕು. ನಿಂತು ನಿಂತು ಸವೆದ ಮಂಡಿಗಳಿಗೆ ಅದೊಂದೇ ಔಷಧಿ. ಐದರ ಸುಮಾರಿಗೆ ಸ್ವಿಚ್ ಹಾಕಿ, ತಂಗಿಯ ಜೊತೆ ಕೂತು ಕಾಫಿ ಕುಡಿದು, ಕತ್ತಲಾಗುವ ಮೊದಲು ಸ್ನಾನಕ್ಕೆ ಹೋಗುವುದು ಅವರ ಪದ್ಧತಿ. ಒಂದು ಸಂಜೆ ನಲ್ಲಿ ತಿರುಗಿಸಿದರೆ ತಣ್ಣೀರು ಬಂತು. ಗೀಸರಿನ ದೀಪ ಆರಿತ್ತು.

ಮೆಕ್ಯಾನಿಕ್ ಬಂದ. ಕೆಳಗಿನ ಮುಚ್ಚಳ ಬಿಚ್ಚಿ, ಒಳಗಿದ್ದ ಕೆಂಪು ಗುಂಡಿಯೊಂದನ್ನು ಒತ್ತಿದ. ದೀಪ ಹತ್ತಿತು.

"ಜಾಸ್ತಿ ಕಾದ್ರೆ ತಾನಾಗೇ ಆಫ್ ಆಗುತ್ತೆ ಸಿಸ್ಟರ್. ಏನೂ ಆಗಿಲ್ಲ."

"ನೀರು ತಣ್ಣಗಿತ್ತು. ಜಾಸ್ತಿ ಕಾದಿದ್ದು ಏನು ಹಾಗಾದ್ರೆ?"

ಅವನು ಉತ್ತರ ಕೊಡದೆ ಸ್ಕ್ರೂ ಬಿಗಿಮಾಡಿದ. ಉತ್ತರ ಕೊಡದವರನ್ನು ಸಿಸ್ಟರ್ ಎಂದೂ ನಂಬಿದವರಲ್ಲ.

ಕೆಲವು ದಿನ ಬಿಟ್ಟು ಗೀಸರ್ ಮತ್ತೆ ನಿಂತಿತು. ಈ ಸಲ ಗುಂಡಿ ಒತ್ತಿದರೂ ಏಳಲಿಲ್ಲ, ನೀರು ಕಾಯಿಸುವ ಕಾಯಿಲ್ ಸುಟ್ಟುಹೋಗಿತ್ತು. ಹೊಸದು ಹಾಕಿದ. ಅದೂ ಸುಟ್ಟಿತು. ಮೂರನೆಯದನ್ನು ಹಾಕಲು ತಂದಾಗ ಸಿಸ್ಟರ್ ಅವನ ಕೈಯಿಂದ ಅದನ್ನು ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬುಡದ ತಗಡಿನ ಮೇಲೆ ಹೊಲಿಗೆ ಸೂಜಿಯಿಂದ ಒಂದು ಗೀರು ಎಳೆದರು.

"ಏನ್ ಸಿಸ್ಟರ್ ಅದು?"

"ಗುರುತು. ಮುಂದಿನ ಸಲ ಬಿಚ್ಚಿದಾಗ ಇದೇ ಬರುತ್ತೋ ಇನ್ನೊಂದು ಬರುತ್ತೋ ನೋಡೋಣ ಅಂತ."

ಮೆಕ್ಯಾನಿಕ್‌ನ ಮುಖ ಕಪ್ಪಿಟ್ಟಿತು. "ಹಳೇದು ಹಾಕಿ ಹೊಸದು ಅಂತೀನಿ ಅಂದ್ಕೊಂಡ್ರಾ? ನಾನೂ ಒಂದು ಮಾತು ಹೇಳ್ತೀನಿ ಕೇಳಿ. ಈ ಕಾಯಿಲ್‌ಗಳೆಲ್ಲಾ ಸುಟ್ಟಿರೋ ರೀತಿ ನೋಡಿದ್ರೆ ಟ್ಯಾಂಕಲ್ಲಿ ನೀರೇ ಇಲ್ಲದೆ ಉರಿದಿವೆ. ಖಾಲಿ ಪಾತ್ರೆ ಒಲೆ ಮೇಲಿಟ್ಟ ಹಾಗೆ."

"ಬೆಳಿಗ್ಗೆ ಸ್ನಾನ ಆದ ಮೇಲೆ ಮೇಲಿಂದ ನೀರು ಬಂದು ತುಂಬಿಕೊಳ್ಳುತ್ತೆ. ಆಮೇಲೆ ನಾವ್ಯಾರೂ ಮುಟ್ಟಲ್ಲ. ತುಂಬಿದ ನೀರು ಎಲ್ಲಿಗೆ ಹೋಗುತ್ತಪ್ಪಾ?"

"ಅದು ನಿಮ್ಮನೆಯವರಿಗೇ ಗೊತ್ತಿರಬೇಕು."

ಆ ಮಾತು ಅವನು ಹೋದ ಮೇಲೂ ಮನೆಯಲ್ಲೇ ಉಳಿಯಿತು. ಮನೆಯವರು ಎಂದರೆ ತಂಗಿ. ಅವಳು ಮಧ್ಯಾಹ್ನ ಶಾಲೆಯಿಂದ ಬರುತ್ತಾಳೆ, ಆ ಹೊತ್ತಿಗೆ ಸಿಸ್ಟರ್ ಮಲಗಿರುತ್ತಾರೆ. ಮಕ್ಕಳ ಬಣ್ಣ ಮೆತ್ತಿದ ಕೈ ತೊಳೆಯಲು ಬಿಸಿನೀರು ಬಿಟ್ಟು, ಗೀಸರ್ ಹಾಕಿ, ಮರೆತು, ಈಗ ಬೈಸಿಕೊಳ್ಳುವ ಭಯಕ್ಕೆ ಸುಮ್ಮನಿದ್ದಾಳೋ ಏನೋ. ಚಿಕ್ಕಂದಿನಲ್ಲೂ ಅವಳು ತಟ್ಟೆ ಒಡೆದರೆ ಚೂರುಗಳನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾಗುತ್ತಿದ್ದವಳು. ಮರುದಿನ ಬೆಳಗಿನ ಸ್ನಾನ ಮುಗಿದ ಮೇಲೆ ಸಿಸ್ಟರ್ ಗೀಸರಿನ ಸ್ವಿಚ್ ಆರಿಸಿ, ಅದರ ಮೇಲೆ ಗಾಯಕ್ಕೆ ಹಾಕುವ ಪ್ಲಾಸ್ಟರಿನ ಸಣ್ಣ ತುಂಡೊಂದನ್ನು ಅಂಟಿಸಿದರು.

ಮಧ್ಯಾಹ್ನ ತಂಗಿ ಅವರ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಅಕ್ಕಾ, ಸ್ವಿಚ್ಚಿಗೆ ಏನು ಗಾಯ ಆಗಿದೆ?"

ಸಿಸ್ಟರ್ ಪಕ್ಕಕ್ಕೆ ಹೊರಳಿ ಗೋಡೆಗೆ ಮುಖ ಮಾಡಿದರು. ತಂಗಿಗೆ ಅರ್ಥವಾಯಿತು. ನಗು ತಂದುಕೊಳ್ಳಲು ನೋಡಿದಳು, ಬರಲಿಲ್ಲ. "ನನ್ನನ್ನ ಕೇಳಿದ್ದಿದ್ರೆ ಹೇಳ್ತಿದ್ದೆ" ಎಂದಷ್ಟೇ ಹೇಳಿ ಒಳಗೆ ಹೋದಳು. ಆ ದಿನ ಕಾಫಿಯನ್ನು ಇಬ್ಬರೂ ಬೇರೆ ಬೇರೆ ಕೂತು ಕುಡಿದರು.

ಸಂಜೆ ಪ್ಲಾಸ್ಟರ್ ಅಂಟಿಸಿದ ಹಾಗೇ ಇತ್ತು. ಅಂಚು ಕೂಡ ಎದ್ದಿರಲಿಲ್ಲ. ಸಿಸ್ಟರ್ ತಮ್ಮ ಕೈಯಾರೆ ಅದನ್ನು ಕಿತ್ತು ಸ್ವಿಚ್ ಹಾಕಿದರು. ಸ್ವಲ್ಪ ಹೊತ್ತಿಗೆ ಬಾತ್‌ರೂಮಿನಿಂದ ಕಾದ ಬಾಣಲೆಯಂಥ ವಾಸನೆ ಬಂತು. ಓಡಿಹೋಗಿ ಆರಿಸುವಷ್ಟರಲ್ಲಿ ದೀಪ ಆರಿತ್ತು. ಮೆಕ್ಯಾನಿಕ್ ಬಂದು ಬಿಚ್ಚಿದ. ಸುಟ್ಟು ಬಿರಿದ ಕಾಯಿಲ್‌ನ ಬುಡದಲ್ಲಿ ಸೂಜಿಯ ಗೀರು ನಿಚ್ಚಳವಾಗಿತ್ತು. ಅವನು ಅದನ್ನು ಸಿಸ್ಟರ್ ಕೈಯಲ್ಲಿಟ್ಟು, ಹೊಸದನ್ನು ಹಾಕಿ ಹೋದ.

ಮೆಕ್ಯಾನಿಕ್ ಅಲ್ಲ, ತಂಗಿಯೂ ಅಲ್ಲ. ಉಳಿದವರು ಕೆಳಗಿನ ಮನೆಯವರು.

ಇದು ಮೊದಲೇ ಹೊಳೆಯಬೇಕಿತ್ತು ಎಂದು ಸಿಸ್ಟರಿಗೆ ಅನ್ನಿಸಿತು. ಈ ಕಾಟ ಶುರುವಾಗಿದ್ದೇ ಅವರು ಬಂದ ಮೇಲೆ. ಗಂಡ ಗಡಿಯಾರ ರಿಪೇರಿ ಮಾಡುವವರು, ಮನೆಯಲ್ಲೇ ಕೂತು ಕೆಲಸ. ಹೆಂಡತಿ ಇದ್ದಾರೆ ಎಂದು ಕೇಳಿದ್ದುಂಟು, ಕಂಡವರಿಲ್ಲ. ಬಾಗಿಲು ಸದಾ ಓರೆ, ಪರದೆ ಸದಾ ಇಳಿದಿರುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಗಡಿಯಾರದವರು ಸಿಸ್ಟರ್ ಮುಖ ನೋಡದೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದರು. ತಪ್ಪು ಮಾಡದ ಮನುಷ್ಯ ಯಾಕೆ ಗೋಡೆಗೆ ಅಂಟಿಕೊಳ್ಳಬೇಕು? ಕರೆಂಟು ಕದಿಯುತ್ತಿದ್ದಾರೋ ಎಂದು ಸಿಸ್ಟರ್ ಕೆಳಗಿಳಿದು ಮೀಟರ್ ಪೆಟ್ಟಿಗೆಯ ತಂತಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಎಲ್ಲ ನೆಟ್ಟಗಿತ್ತು. ಅದರಿಂದ ಅವರ ಅನುಮಾನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಮರುದಿನ ಅವರು ಮಧ್ಯಾಹ್ನದ ನಿದ್ದೆ ಬಿಟ್ಟು, ಒಂದು ಸ್ಟೂಲು ಹಾಕಿಕೊಂಡು ಬಾತ್‌ರೂಮಿನಲ್ಲೇ ಕೂತರು. ತಂಗಿ ಬಂದು ಇಣುಕಿ ಹೋದಳು.

ಆ ಕಟ್ಟಡದಲ್ಲಿ ನೀರು ಉಳಿಸಲೆಂದು ಮಧ್ಯಾಹ್ನ ತಾರಸಿಯ ಟ್ಯಾಂಕಿನ ವಾಲ್ವ್ ಮುಚ್ಚುತ್ತಿದ್ದರು, ಸಂಜೆ ತೆರೆಯುತ್ತಿದ್ದರು. ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ವಾಲ್ವ್ ಮುಚ್ಚಿದ ಮೇಲೆ ನಲ್ಲಿಗಳು ಸುಮ್ಮನಾದವು. ಬಿಸಿನೀರಿನ ನಲ್ಲಿಯ ವಾಷರ್ ಸವೆದಿದ್ದರಿಂದ ಅದೊಂದು ಮಾತ್ರ ಎಷ್ಟು ತಿರುಗಿಸಿದರೂ ತೊಟ್ಟಿಕ್ಕುತ್ತಿತ್ತು. ಈಗ ಅದೂ ನಿಂತಿತು. ಬಾತ್‌ರೂಮಿನಲ್ಲಿ ಸಿಸ್ಟರ್ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಆಗ ಕೆಳಗಿನ ಮನೆಯಲ್ಲಿ ಬಕೆಟ್ ಇಟ್ಟ ಸದ್ದಾಯಿತು. ಅದರ ಹಿಂದೆಯೇ ಅವರ ಕಣ್ಣೆದುರಿನ ನಲ್ಲಿ, ಮುಚ್ಚಿದ್ದ ನಲ್ಲಿ, ಸ್ಸ್ ಎಂದು ಗಾಳಿ ಒಳಗೆಳೆದುಕೊಳ್ಳತೊಡಗಿತು. ಆಸ್ತಮಾ ರೋಗಿ ಉಸಿರೆಳೆದ ಹಾಗೆ. ಸಿಸ್ಟರ್ ಎದ್ದು ನಲ್ಲಿಯ ಬಾಯಿಗೆ ಬೆರಳಿಟ್ಟರು. ಬೆರಳನ್ನು ಒಳಗೆ ಎಳೆದ ಹಾಗಾಯಿತು. ಗೀಸರಿನೊಳಗೆ ಗುಳುಗುಳು ಶಬ್ದ. ತಣ್ಣೀರು ಗೀಸರಿಗೆ ಹೋಗುವ ಪೈಪಿಗೆ ಕೈಯ ಹಿಂಬದಿ ತಾಗಿಸಿದರು.

ಪೈಪಿಗೆ ಜ್ವರ ಬಂದಿತ್ತು.

ತಣ್ಣಗಿರಬೇಕಾದ ಪೈಪು ಬೆಚ್ಚಗಿದೆ ಎಂದರೆ ನೀರು ಒಳಗೆ ಹೋಗುತ್ತಿಲ್ಲ, ಬಂದ ದಾರಿಯಲ್ಲೇ ಹೊರಗೆ ಹೋಗುತ್ತಿದೆ. ಸಿಸ್ಟರ್ ಪೈಪನ್ನು ಮುಟ್ಟುತ್ತಾ ಮುಟ್ಟುತ್ತಾ ಕೆಳಗೆ ಬಂದರು. ತಾರಸಿಯಿಂದ ಎರಡೂ ಮನೆಗೆ ಬರುವುದು ಒಂದೇ ಪೈಪು, ಅದು ನೆಲದಲ್ಲಿ ಇಳಿದು ಕೆಳಗಿನ ಮನೆಗೆ ಹೋಗುವ ಜಾಗದಲ್ಲೂ ಬೆಚ್ಚಗಿತ್ತು. ಬೆಳಿಗ್ಗೆ ಕಾದು ಇನ್ನೂ ಬಿಸಿ ಆರದಿದ್ದ ಅವರ ನೀರು ಕೆಳಗಿನ ಮನೆಯ ನಲ್ಲಿಯಲ್ಲಿ ಸುರಿಯುತ್ತಿತ್ತು. ಹೀಗೆ ಬರಿದಾದ ಟ್ಯಾಂಕಿಗೆ, ತಾರಸಿಯ ವಾಲ್ವ್ ತೆರೆಯುವುದು ತಡವಾದ ದಿನಗಳಲ್ಲೂ, ಸಂಜೆ ಸ್ವಿಚ್ ಹಾಕುತ್ತಿದ್ದವರು ಸ್ವತಃ ಸಿಸ್ಟರೇ.

ಮಂಡಿ ನೋವನ್ನೂ ಮರೆತು ಅವರು ಕೆಳಗಿಳಿದು ಬಾಗಿಲು ತಟ್ಟಿದರು. ಗಡಿಯಾರದವರು ಒದ್ದೆ ಕೈಯಲ್ಲೇ ಬಾಗಿಲು ತೆರೆದರು.

"ನಿಮ್ಮ ನಲ್ಲೀಲಿ ಬಿಸಿನೀರು ಬರುತ್ತಾ?"

ಅವರು ಒದ್ದೆ ಕೈಗಳನ್ನು ಬಟ್ಟೆಗೆ ಒರೆಸಿಕೊಂಡರು. ಸಿಸ್ಟರ್ ಅವರನ್ನು ದಾಟಿ ಒಳಗೆ ಹೋಗಿ, ತುಂಬಿದ್ದ ಬಕೆಟ್ಟಿನಲ್ಲಿ ಕೈ ಅದ್ದಿದರು. ಹದವಾದ ಬೆಚ್ಚನೆ ನೀರು.

"ಎಷ್ಟು ಕಾಲದಿಂದ ನಡೀತಿದೆ ಇದು?"

"ಬಂದಾಗಿನಿಂದ" ಎಂದರು ಗಡಿಯಾರದವರು ತಗ್ಗಿದ ದನಿಯಲ್ಲಿ. "ಮೊದಲು ಬಿಸಿಲಿಗೆ ಪೈಪು ಕಾದಿದೆ ಅಂದ್ಕೊಂಡೆ ಸಿಸ್ಟರ್. ಆಮೇಲೆ ಮೋಡ ಮುಚ್ಚಿದ ದಿನಾನೂ ಬಂತು. ಅವತ್ತಿಂದ ಯೋಚನೆ ಮಾಡೋದು ಬಿಟ್ಬಿಟ್ಟೆ."

"ಬಿಟ್ರಾ? ನಾನು ಒಂದಾದ ಮೇಲೊಂದು ಕಾಯಿಲ್ ಸುಡ್ತಾ ಇದ್ದೆ. ಒಡಹುಟ್ಟಿದವಳನ್ನ ಅನುಮಾನಿಸಿದೆ. ಒಂದು ಮಾತು ಹೇಳೋಕೆ ನಿಮಗೇನಾಗಿತ್ತು?"

ಒಳಕೋಣೆಯಿಂದ ಹೆಂಗಸಿನ ದನಿ ಬಂತು, ಸಣ್ಣದು, ಆದರೆ ಗಟ್ಟಿ. "ನಾನು ಹೇಳಿದ್ದೆ, ಮೇಲಿನವರನ್ನ ಕೇಳ್ರೀ ಅಂತ. ಕೇಳಿದ್ರೆ ನಿಂತುಹೋಗುತ್ತೆ ಅಂದ್ರು ಇವರು. ಬೈಯೋದಿದ್ರೆ ಇಲ್ಲೇ ಬಂದು ಬೈಯಿರಿ, ನನಗೂ ಕೇಳಿಸಲಿ. ಇವರಿಗೆ ಯಾರೂ ಬೈದು ಬಹಳ ದಿನ ಆಯ್ತು."

ಸಿಸ್ಟರ್ ಬೈಯಲೆಂದೇ ಒಳಗೆ ಹೋದರು. ಪರದೆ ಇಳಿದಿದ್ದ ಕೋಣೆ. ಮಂಚದ ಮೇಲೆ ಆ ಹೆಂಗಸು ಅಂಗಾತ ಮಲಗಿದ್ದರು. ಬಿದ್ದು ಸೊಂಟ ಮುರಿದ ಮೇಲೆ ಎದ್ದಿಲ್ಲವಂತೆ. ತಲೆ ಬಾಚಿತ್ತು, ಹೊದಿಕೆ ಶುಭ್ರವಾಗಿತ್ತು, ಗೋಡೆಯ ಮೇಲೆ ಹಲವು ಗಡಿಯಾರಗಳು ಟಿಕ್ ಟಿಕ್ ಎನ್ನುತ್ತಿದ್ದವು. ಇಷ್ಟೊಂದು ಚೊಕ್ಕ ಇದ್ದರೂ ಸಿಸ್ಟರ್ ಮೂಗಿಗೆ ಬೇರೆ ಒಂದು ವಾಸನೆ ಹತ್ತಿತು. ವಾರ್ಡಿನಲ್ಲಿ ಅದರ ಪರಿಚಯ ಅವರಿಗೆ ಚೆನ್ನಾಗಿಯೇ ಆಗಿತ್ತು.

"ಬೆನ್ನು ತೋರಿಸಿ" ಎಂದರು.

"ಬೆನ್ನಿಗೇನೂ ಆಗಿಲ್ಲ, ದಿನಾ ಬೆಚ್ಚಗಿನ ನೀರಲ್ಲಿ ಒರೆಸ್ತೀನಿ" ಎಂದು ಗಡಿಯಾರದವರು ಬಾಗಿಲಿನಿಂದ ಹೇಳಿದರು.

"ಎಲ್ಲರೂ ಹೀಗೇ ಹೇಳೋದು."

ಒಂದು ಕೈ ಭುಜಕ್ಕೆ, ಒಂದು ಕೈ ಸೊಂಟಕ್ಕೆ ಕೊಟ್ಟು ಸಿಸ್ಟರ್ ಆಕೆಯನ್ನು ಮಗ್ಗುಲಿಗೆ ತಿರುಗಿಸಿದರು. ಬೆನ್ನ ಕೆಳಗೆ, ಮೂಳೆಯ ಮೇಲಿನ ಚರ್ಮ ಕೆಂಪಾಗಿ, ನಡುವೆ ಒಂದಿಷ್ಟು ಜಾಗ ಬಾಯಿಬಿಟ್ಟಿತ್ತು. ಗಂಡ ಬಗ್ಗಿ ನೋಡಿ ಬಾಗಿಲಚೌಕಟ್ಟು ಹಿಡಿದುಕೊಂಡರು. ಗಡಿಯಾರದೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನೂ ಕಾಣುವ ಕಣ್ಣಿಗೆ ಇದು ಕಂಡಿರಲಿಲ್ಲ. ನೋವಾಗುತ್ತದೆಂದು ಹೆದರಿ ಅವರು ಹೆಂಡತಿಯನ್ನು ಪೂರ್ತಿ ಹೊರಳಿಸದೆ, ಬೆನ್ನಡಿಗೆ ಕೈ ತೂರಿಸಿ ಒರೆಸುತ್ತಿದ್ದರು.

ಸಿಸ್ಟರ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಆ ನೀರು ಆರೋಕೆ ಮುಂಚೆ ಇಲ್ಲಿ ತನ್ನಿ" ಎಂದರು.

ಅಂದು ಸಂಜೆ ಮೆಕ್ಯಾನಿಕ್‌ಗೆ ಹೇಳಿಕಳಿಸಿದರು. ಅವನು ಗೀಸರಿನ ತಣ್ಣೀರು ಪೈಪನ್ನು ಬಿಚ್ಚಿ ನೋಡಿದ. ಅಲ್ಲಿ ನೀರನ್ನು ಒಳಗೆ ಬಿಟ್ಟು ಹಿಂದೆ ಹೋಗದಂತೆ ತಡೆಯುವ ವಾಲ್ವ್ ಇರಬೇಕಿತ್ತು, ಬರೀ ಜಾಯಿಂಟ್ ಇತ್ತು.

"ಇಲ್ಲಿದ್ದ ವಾಲ್ವ್ ಎಲ್ಲಪ್ಪಾ?"

"ಹೋದ ವರ್ಷ ತೊಟ್ಟಿಕ್ಕುತ್ತೆ, ತೆಗೆದುಹಾಕು ಅಂದಿದ್ರಲ್ಲ ಸಿಸ್ಟರ್, ನೀವೇ."

"ಸರಿಮಾಡು ಅಂದಿದ್ದೆ. ತೆಗಿ ಅಂದಿರಲಿಲ್ಲ."

"ತೆಗಿ ಅಂದ್ರಿ."

ತಂಗಿ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಯಾರು ಹೇಳಿದ್ದು ನಿಜ ಎಂದು ಅವಳಿಗೆ ನೆನಪಿತ್ತೋ ಏನೋ, ಬಾಯಿ ಬಿಡಲಿಲ್ಲ. ಮೆಕ್ಯಾನಿಕ್ ಹೊಸ ವಾಲ್ವ್ ಹಾಕಿದ, ನಲ್ಲಿಗೆ ಹೊಸ ವಾಷರ್ ಹಾಕಿದ. ಆಮೇಲೆ ಸಿಸ್ಟರ್ ಮನೆಯ ಗೀಸರ್ ಕೆಡಲಿಲ್ಲ.

ಅವನು ಚೀಲ ಕಟ್ಟಿ ಹೋದ ಮೇಲೆ ಸಿಸ್ಟರ್ ಕಾಫಿ ಮಾಡಿ ಎರಡು ಲೋಟಗಳನ್ನು ತಂಗಿಯ ಕೋಣೆಗೇ ಒಯ್ದರು.

"ಕೇಳಬೇಕಿತ್ತು ನಿನ್ನನ್ನ" ಎಂದರು.

"ಕೇಳಿದ್ರೂ ನಂಬ್ತಿರಲಿಲ್ಲ ನೀನು" ಎಂದು ತಂಗಿ ಲೋಟ ತೆಗೆದುಕೊಂಡಳು. ಅದನ್ನು ಒಮ್ಮೆ ತಿರುಗಿಸಿ ನೋಡಿ, "ಸಕ್ಕರೆ ಹಾಕಿದೀಯಾ?" ಎಂದಳು.

ಕೆಳಗಿನ ನಲ್ಲಿ ಎಲ್ಲ ನಲ್ಲಿಗಳಂತೆ ತಣ್ಣಗಾಯಿತು. ಗಡಿಯಾರದವರು ಒಂದು ಸಣ್ಣ ಗೀಸರ್ ಹಾಕಿಸಿದರು. ಅದನ್ನು ಕೂರಿಸುವ ದಿನ ಸಿಸ್ಟರ್ ಮೆಕ್ಯಾನಿಕ್‌ನ ಬೆನ್ನ ಹಿಂದೆಯೇ ನಿಂತು, ವಾಲ್ವ್ ಹಾಕಿದ್ದನ್ನು ಕಣ್ಣಾರೆ ಕಂಡ ಮೇಲೇ ಅಲ್ಲಿಂದ ಕದಲಿದರು.

ಆ ಹೆಂಗಸಿನ ಗಾಯಕ್ಕೆ ಪಟ್ಟಿ ಕಟ್ಟಲು ಸಿಸ್ಟರ್ ದಿನವೂ ಹೋಗತೊಡಗಿದರು. ಆಗಾಗ ಮಗ್ಗುಲು ಬದಲಿಸಬೇಕು ಎಂದು ಗಡಿಯಾರದವರಿಗೆ ತಾಕೀತು ಮಾಡಿದರು. ಅವರು ಆಗಲಿ ಎಂದರು. ಆಗಲಿ ಎಂದವರನ್ನು ಸಿಸ್ಟರ್ ನಂಬಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ, ಒಮ್ಮೆ ತರಕಾರಿ ಚೀಲ ಹಿಡಿದು, ಒಮ್ಮೆ ಚಪ್ಪಲಿಯನ್ನೂ ಹಾಕದೆ, ಸದ್ದು ಮಾಡದೆ ಬಂದು ಬಾಗಿಲು ತಳ್ಳುತ್ತಿದ್ದರು. ಬೆಳಿಗ್ಗೆ ಎಡಕ್ಕೆ ತಿರುಗಿದ್ದ ಹೆಂಗಸು ಈಗಲೂ ಎಡಕ್ಕೇ ಇದ್ದರೆ ಗಡಿಯಾರದವರ ಕಥೆ ಮುಗಿಯಿತು.

"ಪೊಲೀಸರೂ ಇಷ್ಟು ಸಲ ಬರಲ್ಲ ಸಿಸ್ಟರ್" ಎಂದರು ಅವರು ಒಂದು ದಿನ.

"ಪೊಲೀಸರು ಕದ್ದ ಮೇಲೆ ಬರ್ತಾರೆ" ಎಂದು ಸಿಸ್ಟರ್ ಹೊದಿಕೆ ಎತ್ತಿದರು.

ಮಂಚದ ಮೇಲಿದ್ದವರು ದಿಂಬಿಗೆ ಮುಖ ಒತ್ತಿ ನಕ್ಕರು. ಗಾಯದ ಅಂಚುಗಳು ಒಂದಕ್ಕೊಂದು ಹತ್ತಿರ ಬಂದಿದ್ದವು. ಸಿಸ್ಟರ್ ಕನ್ನಡಕ ಏರಿಸಿ ನೋಡಿದರು, ಬೆಳಕು ಸಾಲದೆಂದು ಕಿಟಕಿಯ ಪರದೆ ಸರಿಸಿ ಮತ್ತೊಮ್ಮೆ ನೋಡಿದರು. ಆಮೇಲೆ, ಇನ್ನೂ ಪೂರ್ತಿ ನಂಬಿಕೆ ಬಾರದವರಂತೆ, ಚರ್ಮಕ್ಕೆ ಮೆಲ್ಲಗೆ ಬೆರಳು ತಾಗಿಸಿ, "ನೋವಾಗುತ್ತಾ?" ಎಂದು ಕೇಳಿದರು.

"ಇಲ್ಲ."

"ನಿಜ ಹೇಳಿ."

"ನಿಜವಾಗ್ಲೂ ಇಲ್ಲ."

ಸಿಸ್ಟರ್ ಪರದೆಯನ್ನು ಮತ್ತೆ ಮುಚ್ಚದೆ ಹಾಗೇ ಬಿಟ್ಟು, ಕೈ ತೊಳೆಯಲು ಎದ್ದರು.