ಅವ್ವನ ಅಂಗೈಯ ಕರಿಮರಳು

ಎರಡು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ನನ್ನ ಮುಂದಾಳತ್ವದಲ್ಲಿ ಒಂದು ನಿಯೋಗ ಧಾರವಾಡದ ಹತ್ತಿರದ ನವನಗರದಿಂದ ವಿಶಾಖಪಟ್ಟಣಕ್ಕೆ ಹೊರಟಿತು. ಸದಸ್ಯರು ನನ್ನ ಹೆಂಡತಿ ಮತ್ತು ಎಂಬತ್ತು ದಾಟಿದ ಅವ್ವ. ಭೀಮಿಲಿ ಕಡೆ ಬೌದ್ಧರ ಕಾಲದ ಗುಡ್ಡವೊಂದು, ಅದರ ಕೆಳಗೆ ಕಪ್ಪು ಮರಳಿನ ನಿರ್ಜನ ಕಡಲತೀರ ಇದೆ ಎಂದು ಓದಿದ್ದೆ. ಗೋಕರ್ಣದ ಸಮುದ್ರದಲ್ಲೂ ಉಪ್ಪುನೀರೇ ಇದೆ ಎಂದು ಹೆಂಡತಿ ದಾರಿಯುದ್ದಕ್ಕೂ ನೆನಪಿಸಿದಳು. ನಾಯಕನಾದವನು ಇಂಥದ್ದನ್ನು ಕೇಳಿಸಿಕೊಳ್ಳಬಾರದು.

ನಸುಕಿನಲ್ಲೇ ಬಾಡಿಗೆ ಕಾರು ನಮ್ಮನ್ನು ಗುಡ್ಡಕ್ಕೆ ಒಯ್ದಿತು. ಇಟ್ಟಿಗೆಯ ಸ್ತೂಪದ ಬುಡ, ಬಂಡೆ ಕೊರೆದ ನೀರಿನ ತೊಟ್ಟಿ, ಭಿಕ್ಷುಗಳ ಕೋಣೆಗಳ ತಳಪಾಯ. ನನ್ನ ಉಪನ್ಯಾಸ ಮುಗಿಯುವ ಮೊದಲೇ ಅವ್ವ, ಇವರ ಅಡಿಗೆಮನೆ ಎಲ್ಲಿ ಎಂದಳು. ಭಿಕ್ಷೆ ಬೇಡಿ ಉಣ್ಣುತ್ತಿದ್ದರು ಎಂದೆ.

“ಹಂಗಾರ ನಮ್ಮ ಜಂಗಮರ ಹಂಗನ ಬಿಡು,” ಎಂದು ಎರಡು ಸಾವಿರ ವರ್ಷದ ಚರಿತ್ರೆಯನ್ನು ತನ್ನ ಬಳಗಕ್ಕೆ ಸೇರಿಸಿಕೊಂಡಳು.

ಕೆಳಗಿಳಿದರೆ ಗುರೆಳ್ಳು ಚಟ್ನಿಪುಡಿ ಹರವಿದಂಥ ಮರಳು. ಸಮುದ್ರದ ಮುಂದೆಯೇ ಲಿಂಗಪೂಜೆ ಮಾಡುವೆನೆಂದು ಅವ್ವ ಕೂತಳು. ಪೂಜೆಯಾಗದೆ ಅವಳ ಗಂಟಲಲ್ಲಿ ಹನಿ ನೀರೂ ಇಳಿಯುವುದಿಲ್ಲ. ಕೊರಳಿನ ವಸ್ತ್ರ ಬಿಚ್ಚಿ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟುಕೊಂಡಿದ್ದಳಷ್ಟೆ. ದೊಡ್ಡದೊಂದು ಅಲೆ ಸೊಂಟದವರೆಗೆ ಬಂತು. ಬೀಳಬಾರದೆಂದು ಕೈಯೂರಿದಳು. ಅಲೆ ಹಿಂದೆ ಸರಿದಾಗ ಅಂಗೈ ಖಾಲಿ. ನೇರಳೆ ಹಣ್ಣಿನಷ್ಟು ಕರಿ ಲಿಂಗ, ಕಣ್ಣು ಹಾಯುವವರೆಗೆ ಕರಿ ಮರಳು.

ನಾವಿಬ್ಬರೂ ಮಂಡಿಯೂರಿ ಹುಡುಕಿದೆವು. ಬಿಸಿಲೇರಿತು. ಅವ್ವನಿಗೆ ಸಕ್ಕರೆ ಕಾಯಿಲೆ, ಹಿಂದಿನ ರಾತ್ರಿ ಉಂಡದ್ದೇ ಕೊನೆ. ಊರಿಗೆ ಹೋದಮೇಲೆ ಮಠದಲ್ಲಿ ಬೇರೆ ಲಿಂಗ ಕಟ್ಟಿಸೋಣ, ಈಗ ಒಂದು ಬಿಸ್ಕೀಟು ತಿನ್ನು ಎಂದು ಬೇಡಿಕೊಂಡೆ. ಮುಖ ತಿರುಗಿಸಿದಳು. “ಕೊಳ್ಳಾಗ ಲಿಂಗ ಇಲ್ದ ಬಾಯಾಗ ತುತ್ತು ಹೆಂಗ ಇಡಲೋ, ತಮ್ಮಾ?” ಊರು ಎರಡು ದಿನದ ರೈಲು ದಾರಿ. ನನ್ನ ನಾಯಕತ್ವ ಅಲ್ಲಿಗೆ ಮುಗಿದಿತ್ತು.

ದೂರದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಬಂದಳು. ಅವಳಿಗೆ ಕನ್ನಡ ಬಾರದು, ನಮಗೆ ತೆಲುಗು ಬಾರದು. ಏನೋ ಕಳೆದಿದೆ ಎಂಬುದಷ್ಟೇ ತಿಳಿದು ಅವಳೂ ಮರಳು ಕೆದಕಿದಳು. ಸಿಗಲಿಲ್ಲ. ಕೊನೆಗೆ ಅವ್ವನೆದುರು ಕುಕ್ಕರಗಾಲಲ್ಲಿ ಕೂತು, ಹಸಿ ಮರಳನ್ನು ಬೆರಳಲ್ಲಿ ಒತ್ತಿ ಉಂಡೆ ಮಾಡಿ, ಆ ಖಾಲಿ ಅಂಗೈಯಲ್ಲಿಟ್ಟು ಹುಬ್ಬೇರಿಸಿದಳು. ಕಳೆದದ್ದು ಹೀಗಿತ್ತೇ ಎಂದು ಕೇಳುತ್ತಿದ್ದಳು, ಪಾಪ.

ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ, ವಿಭೂತಿ ತೆಗೆದು, ಆ ಉಂಡೆಗೆ ಹಚ್ಚಿದಳು.

ಆ ಹೆಂಗಸು ಬೆರಗಾಗಿ ನಮ್ಮತ್ತ ನೋಡಿದಳು. ಹೆಂಡತಿ ತುಟಿಯ ಮೇಲೆ ಬೆರಳಿಟ್ಟಳು. ಪೂಜೆ ಮುಗಿದ ಮೇಲೆ ಅವ್ವ ತಾನೇ ಕೈಚಾಚಿ ಬಿಸ್ಕೀಟು ಕೇಳಿದಳು. ಮೆತ್ತಗಾಗಿದೆ ಎಂದು ನನ್ನನ್ನು ಬೈದು, ಅರ್ಧ ಮುರಿದು ಆ ಹೆಂಗಸಿಗೂ ಕೊಟ್ಟಳು.

ಆ ಮರಳನ್ನು ವಸ್ತ್ರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಳು. ರೈಲಿನಲ್ಲಿ ಬೆಳಿಗ್ಗೆ ನೀರು ಚಿಮುಕಿಸಿ ಮತ್ತೆ ಉಂಡೆ ಕಟ್ಟಿದಳು.

ಧಾರವಾಡದ ಮಠದಲ್ಲಿ ಹೊಸ ಲಿಂಗ ಕಟ್ಟುವ ಮುಂಚೆ ಸ್ವಾಮಿಗಳು, ಇಷ್ಟು ದಿನ ಉಪವಾಸವಿದ್ದಿರೇನು ಎಂದು ಕಾಳಜಿಯಿಂದ ಕೇಳಿದರು. ನಾನು ದೊಡ್ಡ ಸಮಜಾಯಿಷಿಯೊಂದನ್ನು ಸಿದ್ಧಮಾಡಿಕೊಂಡು ಹೋಗಿದ್ದೆ.

“ಇಲ್ಲರೀ ಅಜ್ಜಾರ,” ಎಂದಳು ಅವ್ವ. “ಅಲ್ಲೇ ಒಬ್ಬಾಕಿ ಲಿಂಗ ಕೊಟ್ಟಿದ್ಲು.”

ಯಾರು ಎಂದು ಸ್ವಾಮಿಗಳು ಕೇಳಲಿಲ್ಲ. ಕೇಳಿದ್ದರೆ ನಮಗೆ ಹೇಳಲು ಬರುತ್ತಿರಲಿಲ್ಲ. ಸ್ತೂಪ, ತೊಟ್ಟಿಗಳ ಹೆಸರನ್ನೆಲ್ಲ ಕೇಳಿ ತಿಳಿದುಕೊಂಡ ನಾನು ಅವಳ ಹೆಸರನ್ನೇ ಕೇಳಿರಲಿಲ್ಲ. ಅದೊಂದು ಇವತ್ತಿಗೂ ಕಾಡುತ್ತದೆ.