ಯಂತ್ರಕ್ಕೆ ಕಲಿಸಿದ ಬಾಯಿಪಾಠ

ಈ ಪ್ರಸಂಗವನ್ನು ಕಥೆ ಮಾಡಿ ಮೊದಲು ನನಗೇ ಹೇಳಿ ನಕ್ಕವರು ಮಾಳಮಡ್ಡಿಯ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಶಾಂತಕ್ಕ. ತಪ್ಪು ಮಾತ್ರ ನನ್ನದು.

ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ಅವುಗಳಲ್ಲಿ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ, ಒಮ್ಮೆ ಕೇಳಿದ ವೆಬ್‌ಸೈಟಿನ ಅಂಕಿಯ ವಿಳಾಸವನ್ನು ನೆನಪಿಟ್ಟು, ಉಳಿದ ಕಂಪ್ಯೂಟರುಗಳಿಗೆ ಒಪ್ಪಿಸುವ ಡಿಎನ್‌ಎಸ್ ಸರ್ವರ್ ಕೂಡಿಸಿದ್ದೆ. ನಾನು ಗುಡಿಯ ಪೌಳಿಯಲ್ಲಿ ಕೂತು ಕಣ್ಣುಮುಚ್ಚಿ ಮಗ್ಗಿ ಒಪ್ಪಿಸಿ ಬೆಳೆದವನು. ಮರೆತವರಿಗೆ ಅಂದು ಪ್ರಸಾದ ಎಲ್ಲರಿಗಿಂತ ಕಡೆಗೆ ಸಿಗುತ್ತಿತ್ತು. ಆ ಅಭ್ಯಾಸದಿಂದಲೇ ತಾಸೆರಡು ತಾಸಿಗೆ ಮರೆಯಬೇಕಿದ್ದ ಯಂತ್ರದ ನೆನಪನ್ನೂ ಒಂದು ವಾರಕ್ಕೆ ಏರಿಸಿದೆ.

ಪರೀಕ್ಷೆಯ ಅರ್ಜಿ ತುಂಬುವ ಕಡೇ ದಿನ ಸೈಟೇ ತೆರೆಯಲಿಲ್ಲ. ಅದರ ವಿಳಾಸ ಹಿಂದಿನ ದಿನವೇ ಬದಲಾಗಿತ್ತು. ನನ್ನ ಯಂತ್ರ ಹಳೆಯದನ್ನೇ ಒಪ್ಪಿಸುತ್ತಿತ್ತು. ಹುಡುಗಿಯರು ಅಳುವುದೊಂದು ಬಾಕಿ.

"ನನ್ನ ಮೊಬೈಲ್‌ನ್ಯಾಗ ತೆರಿತೈತಿ, ನಿಮ್ಮ ಪೆಟ್ಟಿಗಿಗೆ ಏನಾಗೇತ್ರಿ?" ಎಂದರು ಶಾಂತಕ್ಕ.

"ಅದು ಹಳೇದನ್ನ ಮರ್ತಿಲ್ರಿ, ಅಕ್ಕಾರ."

"ಹಂಗಾದ್ರ ಲಗೂ ಮರಸ್ರಿ!"

ಮರೆಸಿದೆ. ಅರ್ಜಿಗಳೆಲ್ಲ ಅಂದೇ ಸಲ್ಲಿಕೆಯಾದವು. ನೀವೂ ಇದನ್ನು ನಾಲ್ಕು ಮಂದಿಗೆ ಹೇಳ್ರಿ, ನನ್ನ ಹೆಸರೊಂದು ಬಿಟ್ಟು.