ರತ್ನಕ್ಕನ ಎಂಟನೆಯ ಮೆಟ್ಟಿಲು

ನವರಾತ್ರಿಯ ಮೊದಲ ದಿನ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ, ಬಾಗಲಗುಂಟೆಯ ರತ್ನಕ್ಕ ಮನೆ ಮಾಲೀಕರ ನಡುಮನೆಯಲ್ಲಿ, ತಾನೇ ಮಾಡಿದ ಗೊಂಬೆ ಮೆಟ್ಟಿಲುಗಳ ಅಡಿಯಲ್ಲಿ ಅಂಗಾತ ಮಲಗಿ ಕೊನೆಯ ಸ್ಕ್ರೂ ಬಿಗಿಮಾಡುತ್ತಿದ್ದಳು. ಹೊರಗಿನವರಿಗೆ ಕಾಣುತ್ತಿದ್ದುದು ಇಳಕಲ್ ಸೀರೆಯ ಅಂಚು ಮತ್ತು ಎರಡು ಪಾದ. ಆ ಪಾದಗಳು ಒಂದಕ್ಕೊಂದು ತಾಳ ಹಾಕುತ್ತಿದ್ದವು.

ತಾಳ ಹಾಕುವಂಥ ದಿನವೇ ಅದು. ಮೇಲಿನ ಮಹಡಿಯ ಬಾಡಿಗೆ ಮನೆಯಲ್ಲಿದ್ದುಕೊಂಡು ಇಷ್ಟು ವರ್ಷ ಅವಳು ಮಾಡಿದ ಹಬ್ಬದ ಸಾಮಾನುಗಳಲ್ಲಿ ಒಂದೂ ಮಾಲೀಕರ ಹೊಸ್ತಿಲು ದಾಟಿರಲಿಲ್ಲ. ಇದು ದಾಟಿತ್ತು. ಬಾಗಿಲಲ್ಲಿ ಅಡ್ಡ ಸಿಕ್ಕಿಕೊಂಡು, ಗಂಡ ಕಾಡಪ್ಪನ ಹೆಬ್ಬೆರಳು ಜಜ್ಜಿ, ಕೊನೆಗೂ ದಾಟಿತ್ತು.

ಮದುವೆಯಾಗಿ ಬಾದಾಮಿ ಕಡೆಯಿಂದ ಬಂದ ವರ್ಷ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲೆಂದು ರತ್ನಕ್ಕ ಬಾಗಲಗುಂಟೆಯೆಲ್ಲ ಎರೆಮಣ್ಣು ಹುಡುಕಿದ್ದಳು. ಸಿಕ್ಕಿದ್ದು ಜಲ್ಲಿ ಮತ್ತು ಸಿಮೆಂಟು. ಕಾಡಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಯಂತ್ರ ಜೋಡಿಸುವ ಕೆಲಸದವನು. ಯಂತ್ರಗಳನ್ನು ಹೊತ್ತು ಬರುವ ಮರದ ಪೆಟ್ಟಿಗೆಗಳನ್ನು ಒಡೆದ ಮೇಲೆ ಆ ಹಲಗೆ ಅಲ್ಲಿ ಯಾರಿಗೂ ಬೇಕಿರುತ್ತಿರಲಿಲ್ಲ. ಸ್ನಾನದ ನೀರು ಕಾಯಿಸಲು ಆದೀತೆಂದು ಅವನು ಒಂದಿಷ್ಟು ತಂದಿಟ್ಟಿದ್ದ. ಅವಳು ಅದರಲ್ಲೇ ಎತ್ತು ಕೊರೆದಳು. ಒಂದು ಜೋಡಿ ಸಾಕಿತ್ತು. ಮೂರು ಎತ್ತು ಮಾಡಿದಳು.

ಮೂರನೆಯದು ಕೊಸರು. ಸಂತೆಯಲ್ಲಿ ಬದನೆಕಾಯಿ ತೂಗಿ ಕೊಟ್ಟ ಮೇಲೆ ಇನ್ನೊಂದನ್ನು ಗಿರಾಕಿಯ ಚೀಲಕ್ಕೆ ಸುಮ್ಮನೆ ಹಾಕುತ್ತಿದ್ದ ತಾಯಿಯ ಮಗಳು ಅವಳು. ಕೇಳಿದಷ್ಟನ್ನೇ ಕೊಡುವುದೆಂದರೆ ಅವಳ ಪಾಲಿಗೆ ಬೈದು ಕಳಿಸಿದಂತೆ. ಹೀಗಾಗಿ ಅವಳ ಕೈಯಿಂದ ಹೊರಬಿದ್ದದ್ದಕ್ಕೆಲ್ಲ ಒಂದು ಹೆಚ್ಚು ಇರುತ್ತಿತ್ತು. ಗಣಪತಿ ಮಂಟಪಕ್ಕೆ ಐದನೆಯ ಕಂಬ ಬಂತು, ಅದೂ ಸರಿಯಾಗಿ ಸೊಂಡಿಲಿನ ಎದುರಿಗೆ. ಪಕ್ಕದ ಮನೆಯ ಮಲ್ಕಾ ರಂಜಾನಿಗೆಂದು ಮಾಡಿಸಿಕೊಂಡ ಚಂದ್ರನ ಮಗ್ಗುಲಲ್ಲಿ ಎರಡು ನಕ್ಷತ್ರ. ‘ಒಂದೇ ಅಲ್ವಾ ರತ್ನಕ್ಕಾ ಇರೋದು’ ಎಂದಳು ಮಲ್ಕಾ. ಎಂದರೂ ಹಾಗೇ ತೂಗುಹಾಕಿದಳು. ದೀಪಾವಳಿಯ ಆಕಾಶಬುಟ್ಟಿಗೆ ಒಂದು ಬದಿಯಲ್ಲಿ ಮಾತ್ರ ಹೆಚ್ಚಿನ ರೆಕ್ಕೆ. ಭಾರ ಒಂದೇ ಕಡೆ ಬಿದ್ದರೆ ಏನಾಗಬೇಕೋ ಅದೇ ಆಯಿತು. ಗಾಳಿ ಬಂದಾಗಲೆಲ್ಲ ಬುಟ್ಟಿ ಓರೆಯಾಗಿ ಗಿರಗಿರ ತಿರುಗುತ್ತಿತ್ತು, ಅದನ್ನು ನೋಡುತ್ತ ಬೀದಿಯ ಮಕ್ಕಳೂ ತಿರುಗಿ ತಿರುಗಿ ಬೀಳುತ್ತಿದ್ದವು.

ಇದೆಲ್ಲ ತಯಾರಾಗುತ್ತಿದ್ದುದು ತಾರಸಿಯ ಮೇಲಿನ ತಗಡಿನ ಶೆಡ್ಡಿನಲ್ಲಿ. ಆ ಶೆಡ್ಡಿಗೇ ಈಗ ಕುತ್ತು ಬಂದಿತ್ತು. ಮನೆಯ ಯಜಮಾನಿ ಲಕ್ಕಮ್ಮ ಒಂದು ದಿನ ಹಪ್ಪಳ ಒಣಹಾಕಲು ಮೇಲೆ ಬಂದವರು ಒಳಗಿನ ರಾಶಿ ಕಂಡು ಸೊಂಟದ ಮೇಲೆ ಕೈಯಿಟ್ಟರು.

“ಇಂಗೆ ಕಟ್ಟಿಗೆ ಪೇರ್ಸಿದ್ರೆ ಗೆದ್ದಲು ಅತ್ಕಳ್ದೆ ಇರ್ತದಾ? ದೀಪಾವಳಿ ಒಳಗೆ ಇದೆಲ್ಲ ಖಾಲಿಯಾಗ್ಬೇಕು ನೋಡಮ್ಮ.”

“ಹುಳ ಸಾಯ್ಲಿ ಅಂತ ಕಾಸಿದ ಕಟ್ಟಿಗಿ ಐತ್ರೀ ಇದು, ಅದರ ಮ್ಯಾಲ ಸಿಕ್ಕಾ ಸುದ್ದಾ ಹೊಡದಾರ,” ಎಂದ ಕಾಡಪ್ಪ. ಅದು ನಿಜವೇ. ಕಾಸುವ ಹೊತ್ತಿಗೆ ಇದ್ದ ಹುಳ ಸತ್ತಿದ್ದವು. ಆಮೇಲೆ ಬಾಗಲಗುಂಟೆಯ ಹುಳ ಬರಬಾರದೆಂದು ಆ ಮುದ್ರೆಯಲ್ಲಿ ಎಲ್ಲೂ ಇರಲಿಲ್ಲ. ಲಕ್ಕಮ್ಮ ಒಪ್ಪಲಿಲ್ಲ.

ಆಗ ನಡುವೆ ಬಂದವಳು ಸೊಸೆ ನಯನಾ. ಅವಳ ತವರು ಯಲಹಂಕ. ಅಲ್ಲಿ ತಲೆಮಾರುಗಳಿಂದ ದಸರೆಗೆ ಗೊಂಬೆ ಕೂರಿಸುತ್ತಾರೆ. ಮದುವೆಯಲ್ಲಿ ಕೊಟ್ಟ ಪಟ್ಟದ ರಾಜ ರಾಣಿ ಈ ಮನೆಯ ಬೀರುವಿನಲ್ಲಿ ಇನ್ನೂ ಕಾಗದ ಸುತ್ತಿಕೊಂಡೇ ಮಲಗಿದ್ದರು.

“ಅತ್ತೆ, ಈ ಸಲ ನಾವೂ ಗೊಂಬೆ ಕೂರ್ಸೋಣ. ಮೆಟ್ಟಿಲು ರತ್ನಾ ಆಂಟಿನೇ ಮಾಡ್ಲಿ. ಚೆನ್ನಾಗ್ ಬಂದ್ರೆ ಶೆಡ್ ಇರ್ಲಿ, ಇಲ್ದಿದ್ರೆ ನೀವ್ ಹೇಳ್ದಂಗೆ.”

ಲಕ್ಕಮ್ಮ ಸೊಂಟದ ಮೇಲಿನ ಕೈ ಇಳಿಸಿದರು. “ಆಗ್ಲಿ. ನಿಮ್ಮಮ್ಮ ಬಂದು ನೋಡಿ ಔದು ಅನ್ಬೇಕು. ಆವಮ್ಮ ಮೂಗು ಮುರಿದ್ರೆ ಶೆಡ್ ಖಾಲಿ.”

ಹೀಗೆ ಶೆಡ್ಡಿನ ಹಣೆಬರಹ ಯಲಹಂಕದ ಬೀಗತಿಯ ಮೂಗಿನ ಮೇಲೆ ಬಂದು ನಿಂತಿತು. ನಯನಾ ಏಳು ಮೆಟ್ಟಿಲು ಹೇಳಿದಳು. ರತ್ನಕ್ಕ ಇದ್ದಬದ್ದ ಹಲಗೆಯನ್ನೆಲ್ಲ ಉಜ್ಜಿ ನುಣುಪು ಮಾಡಿದಳು, ಕಾಡಪ್ಪ ಒಂದೊಂದು ಮೆಟ್ಟಿಲಿಗೂ ಏಳಿಂಚು ಎತ್ತರ ಹಿಡಿದು ಗೆರೆ ಎಳೆದುಕೊಟ್ಟ. ಮೆಟ್ಟಿಲು ಎಷ್ಟು ಚೆನ್ನಾಗಿ ಬಂತೆಂದರೆ ರತ್ನಕ್ಕನಿಗೆ ತಡೆಯಲಾಗಲಿಲ್ಲ.

ಈಗ ನಯನಾ ಕಾಫಿ ಹಿಡಿದು ಬಂದಳು. ಬಂದವಳು ಹಾಗೇ ನಿಂತಳು.

“ಆಂಟಿ, ಇದು ಎಷ್ಟಿದೆ?”

“ಏಳ್ರೀ. ನೀವು ಹೇಳಿದಷ್ಟ,” ಎಂದಿತು ಮೆಟ್ಟಿಲಿನ ಅಡಿಯ ದನಿ.

“ಎಂಟಿದೆ.”

“ಹೌದ್ರೀ. ಏಳು ನಿಮ್ದು. ಮ್ಯಾಲಿಂದು ಕೊಸರು.”

“ಆಂಟಿ, ಎಂಟು ಕೂರ್ಸೋ ಹಂಗಿಲ್ಲ. ಮೂರು, ಐದು, ಏಳು, ಒಂಬತ್ತು, ಹಿಂಗೆ ಬೆಸಾನೇ ಇರ್ಬೇಕು. ಅಮ್ಮ ಬಾಗಿಲಲ್ಲೇ ನಿಂತು ಎಣಿಸ್ತಾರೆ.”

ಪಾದಗಳ ತಾಳ ನಿಂತಿತು. ತಲೆಯ ತುಂಬ ಮರದ ಪುಡಿ ಹೊತ್ತು ರತ್ನಕ್ಕ ಜಾರಿ ಹೊರಬಂದಳು. “ನಮ್ಮ ಕಡೆ ಗೊಂಬಿ ಕೂಡ್ಸೂದ ಇಲ್ಲವ್ವಾ. ನನಗೇನ ಗೊತ್ತು?”

“ನಮ್ಮನೇಲೂ ಇಲ್ಲ ಕಣಮ್ಮ,” ಎಂದರು ಸೊಸೆಯ ಹಿಂದೆಯೇ ಬಂದ ಲಕ್ಕಮ್ಮ. “ಒಂದು ಜಾಸ್ತೀನೇ ಸಿಕ್ತಲ್ಲ ಅಂತ ನಾನು ಒಳಗೊಳಗೇ ಖುಷಿಯಾಗಿದ್ದೆ.”

“ಒಂದು ಬಿಚ್ಚಿದ್ರ ಆತಲ್ಲ,” ಎಂದ ಬಾಗಿಲಲ್ಲಿ ಹೆಬ್ಬೆರಳು ಹಿಡಿದು ನಿಂತಿದ್ದ ಕಾಡಪ್ಪ.

“ಹಿಂದಿನ ಅಡ್ಡಪಟ್ಟಿ ಎಂಟನೇದಕ್ಕ ಹೊಡದೀನ್ರಿ. ಅದನ್ನ ತಗದ್ರ ಉಳದ ಏಳೂ ಕುಣೀತಾವ. ಅಲ್ದ, ಕೊಟ್ಟ ಕೊಸರು ಚೀಲದಾಗಿಂದ ತಿರುಗಿ ತಗೋತಾರೇನ್ರಿ ಯಾರರ? ನಮ್ಮವ್ವಗ ಗೊತ್ತಾದ್ರ ಫೋನಿನ್ಯಾಗ ಬೈತಾಳ.”

ಏಳು ಆಗುವಂತಿಲ್ಲ, ಎಂಟು ಇರುವಂತಿಲ್ಲ. ಉಳಿದದ್ದು ಒಂದೇ ಸಂಖ್ಯೆ. ರತ್ನಕ್ಕ ಸೆರಗು ಸಿಕ್ಕಿಸಿ ಮಹಡಿ ಮೆಟ್ಟಿಲು ಹತ್ತಿ ತಾರಸಿಗೆ ಓಡಿದಳು, ಹಿಂದೆ ಕಾಡಪ್ಪ ಓಡಿದ. ಶೆಡ್ಡಿನಲ್ಲಿ ಒಂದು ತುಂಡು ಹಲಗೆಯೂ ಉಳಿದಿರಲಿಲ್ಲ. ರತ್ನಕ್ಕ ತಿರುಗಿ ನಿಂತು ಶೆಡ್ಡಿನ ಬಾಗಿಲನ್ನು ನೋಡಿದಳು. ಕಾಡಪ್ಪ ಅವಳನ್ನು ನೋಡಿದ.

“ಏ, ಅದು ಬಾಗಲಾ ಐತಿ.”

“ಹಲಗೀನೂ ಐತಿ.”

“ಮಾಡಿದಾಂವ ನಾನು.”

“ಅದಕ್ಕ ಗಟ್ಟಿ ಐತ್ರೀ. ಆ ಕಡೆ ಹಿಡೀರಿ.”

ಶೆಡ್ಡು ಉಳಿಸಲು ಶೆಡ್ಡಿನ ಬಾಗಿಲನ್ನೇ ಕುಯ್ಯುವುದರಲ್ಲಿ ಏನೋ ತಪ್ಪಿದೆ ಎಂದು ಕಾಡಪ್ಪನಿಗೆ ಅನ್ನಿಸುತ್ತಿತ್ತು. ಆದರೆ ಅಷ್ಟರಲ್ಲಿ ಗರಗಸ ಅರ್ಧ ದಾರಿ ಹೋಗಿತ್ತು. ಆರಡಿ ಬಾಗಿಲಿನಲ್ಲಿ ಉದ್ದದ ಎರಡು ಕಾಲು, ಒಂದು ಅಗಲದ ಹಾಸು ಬಂತು. ಅದನ್ನು ಎಂಟನೆಯ ಮೆಟ್ಟಿಲಿನ ಬೆನ್ನಿಗೆ ನಿಲ್ಲಿಸಬೇಕಿತ್ತು. ಹಾಗೆ ನಿಲ್ಲಿಸಲು ಮೆಟ್ಟಿಲು ಒಂದಡಿ ಮುಂದಕ್ಕೆ ಬರಬೇಕು, ಮೆಟ್ಟಿಲು ಮುಂದಕ್ಕೆ ಬರಲು ಸೋಫಾ ಹೊರಗೆ ಹೋಗಬೇಕು. ಸೋಫಾದ ಮೇಲೆ ಯಜಮಾನರಾದ ಮುನಿಕೃಷ್ಣಪ್ಪ ಪತ್ರಿಕೆ ಓದುತ್ತಿದ್ದರು. ಅವರನ್ನು ಎಬ್ಬಿಸಿ ವಿವರಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ನಾಲ್ವರೂ ಸೇರಿ ಸೋಫಾವನ್ನು ಅವರ ಸಮೇತ ವರಾಂಡಕ್ಕೆ ನೂಕಿದರು. ಅವರು ಒಮ್ಮೆ ಕಾಲೆತ್ತಿಕೊಂಡರು, ಆಮೇಲೆ ಪುಟ ತಿರುವಿದರು. “ಬೆಳಕು ಇಲ್ಲೇ ಚೆನ್ನಾಗೈತೆ,” ಎಂದರು.

ಬಿಳಿ ಪಂಚೆ ಹಾಸಿ, ಕಲಶ ಇಟ್ಟು, ರಾಜ ರಾಣಿಯನ್ನು ತುತ್ತತುದಿಗೆ ಕೂರಿಸುವ ಹೊತ್ತಿಗೆ ಗೇಟಿನ ಸದ್ದಾಯಿತು. ರತ್ನಕ್ಕ ತಲೆಯ ಪುಡಿ ಕೊಡವಿಕೊಳ್ಳುತ್ತ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು.

ಬೀಗತಿ ಸೋಫಾದ ಮೇಲಿದ್ದ ಬೀಗರಿಗೆ ನಮಸ್ಕರಿಸಿ ಬಂದು, ನಯನಾ ಹೇಳಿದ್ದಂತೆಯೇ ಬಾಗಿಲಲ್ಲಿ ನಿಂತರು. ಬೆರಳು ಮೇಲೆದ್ದಿತು. ಅದು ಕೆಳಗಿನಿಂದ ಹತ್ತುತ್ತಿದ್ದಂತೆ ರತ್ನಕ್ಕನ ಉಸಿರೂ ಹತ್ತಿತು. ಎಂಟರ ಹತ್ತಿರ ಬೆರಳು ತುಸು ನಿಂತಿತು. ಆಮೇಲೆ ಇನ್ನೊಂದು ಮೆಟ್ಟಿಲು ಏರಿತು.

“ಒಂಬತ್ತು. ನಮ್ಮನೇಲೇ ಏಳಿರೋದು,” ಎಂದರು ಬೀಗತಿ.

ಲಕ್ಕಮ್ಮನ ಮುಖ ಆರತಿ ಬೆಳಗಿದ ಹಾಗಾಯಿತು. ಆದರೆ ಬೀಗತಿ ಅಷ್ಟಕ್ಕೇ ಬಿಡುವವರಲ್ಲ. ಪಂಚೆಯ ಅಂಚು ಎತ್ತಿ ಹಲಗೆಯ ಜೋಡಣೆ ನೋಡಿದರು, ಬದಿಗೆ ಹೋಗಿ ಹಿಂದಕ್ಕೆ ಬಗ್ಗಿದರು. ಅಲ್ಲಿ, ಪೆಟ್ಟಿಗೆಯ ಹಲಗೆಯದೇ ಆದ ಶೆಡ್ಡಿನ ಬಾಗಿಲಿನಿಂದ ಕುಯ್ದ ಕಾಲಿನ ಮೇಲೆ, ಸಾಮಾನು ನೆನೆಯಬಾರದೆಂದು ಕಾರ್ಖಾನೆಯವರು ಹೊಡೆದ ಕಪ್ಪು ಛತ್ರಿಯ ಗುರುತು ಅಂಗೈಯಗಲ ಕಾಣುತ್ತಿತ್ತು.

“ಇದೇನ್ರೀ ಇಲ್ಲಿ ಛತ್ರಿ?”

ರತ್ನಕ್ಕ ಕಣ್ಣು ಮುಚ್ಚಿದಳು. ಲಕ್ಕಮ್ಮ ಮುಚ್ಚಲಿಲ್ಲ.

“ರಾಜ ರಾಣಿ ಅಲ್ವಾ ಮ್ಯಾಲೆ ಕೂತಿರೋದು?” ಎಂದರು. “ಛತ್ರಿ ಬ್ಯಾಡ್ವಾ ಅವ್ರಿಗೆ?”

ಬೀಗತಿ ಆ ಛತ್ರಿಯನ್ನು ಇನ್ನೊಮ್ಮೆ ನೋಡಿದರು. “ಅಚ್ಚುಕಟ್ಟಾಗಿದೆ,” ಎಂದರು. ಅಡುಗೆಮನೆಯ ಬಾಗಿಲ ಹಿಂದೆ ಏನೋ ಪಾತ್ರೆ ಬಿತ್ತು.

ಸಂಜೆ ಲಕ್ಕಮ್ಮ ಒಣಗಿದ ಬಟ್ಟೆ ತರಲು ತಾರಸಿಗೆ ಹೋದರು. ಹೋದವರ ಕೂಗು ಕೇಳಿ ರತ್ನಕ್ಕ, ಕಾಡಪ್ಪ ಇಬ್ಬರೂ ಮೇಲೆ ಬಂದರು. ಶೆಡ್ಡು ಬಾಯಿ ತೆರೆದು ನಿಂತಿತ್ತು.

“ಬಾಗಿಲೆಲ್ಲಮ್ಮ ಇದ್ರದ್ದು?”

“ಕೆಳಗ ಐತ್ರೀ ಅಮ್ಮಾರ. ರಾಜಾ ರಾಣಿ ಅದರ ಮ್ಯಾಲ ಕುಂತಾರ.”

ಲಕ್ಕಮ್ಮನಿಗೆ ಅದು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ಅವರು ನೀರಿನ ಟ್ಯಾಂಕು ಹಿಡಿದುಕೊಂಡು ನಕ್ಕರು. ಬಟ್ಟೆ ಕೆಳಗೆ ಬಿದ್ದವು. ರತ್ನಕ್ಕನೂ ನಗಲು ಶುರುಮಾಡಿದಳು, ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಂಡಿದ್ದ ಕಾಡಪ್ಪನೂ.

“ನಮ್ ಯಜಮಾನ್ರಿಗೆ ಹೇಳಿ ಕಬ್ಬಿಣದ ಬಾಗಿಲು ಆಕುಸ್ತೀನಿ,” ಎಂದರು ಲಕ್ಕಮ್ಮ ಕಣ್ಣೊರೆಸಿಕೊಳ್ಳುತ್ತ. “ಮರದ್ದು ಮಡಗಿದ್ರೆ ನೀನು ಅದ್ನೂ ಕುಯ್ಯೋಳೆ. ಮುಂದಿನ್ ವರ್ಷಕ್ಕೂ ಒಂಬತ್ತೇ ಮಾಡಿಬಿಡಮ್ಮ.”

ಸೆರಗಿನ ಮರೆಯಲ್ಲಿ ರತ್ನಕ್ಕನ ಒಂದು ಬೆರಳು ಮೆಲ್ಲಗೆ ನೆಟ್ಟಗಾದದ್ದು ಕಾಡಪ್ಪನಿಗೆ ಕಂಡಿತು.

“ಬ್ಯಾಡ,” ಎಂದ ಅವನು ಪಿಸುದನಿಯಲ್ಲಿ. “ಹತ್ತಾಗ್ತೈತಿ.”

ಅವಳು ಅರೆಗಳಿಗೆ ಯೋಚಿಸಿ ಇನ್ನೊಂದು ಬೆರಳನ್ನೂ ಬಿಡಿಸಿದಳು. ಆಮೇಲೆ ಲಕ್ಕಮ್ಮನ ಕಡೆ ತಿರುಗಿ, ಇಡೀ ತಾರಸಿಗೆ ಕೇಳುವಂತೆ ಹೇಳಿದಳು: “ಹನ್ನೊಂದು.”